ಗೀರು ಮಾತ್ರ ಬಿದ್ದ ಹೆಲ್ಮೆಟ್ ಬದಲಿಸಬೇಕೇ?

ಬೈಕ್‌ನಿಂದ ಬಿದ್ದಾಗ ತಲೆ ರಸ್ತೆಗೆ ಬಡಿಯಿತು, ಹೆಲ್ಮೆಟ್ ಮೇಲೆ ಸಣ್ಣ ಗೀರು ಮಾತ್ರ ಇದೆ, ಬಳಸಬಹುದೇ ಎಂದು ಕೇಳಿದ್ದೀರಿ. ದಯವಿಟ್ಟು ಬೇಡ. ಪೆಟ್ಟಿನ ಬಹುಪಾಲನ್ನು ನುಂಗುವುದು ಹೊರಚಿಪ್ಪಲ್ಲ, ಒಳಗಿನ ಥರ್ಮಾಕೋಲ್ ಪದರ. ಅದು ಒಮ್ಮೆ ಅಮುಕಿ ಹೋದರೆ ಮೊದಲಿನಂತಾಗುವುದಿಲ್ಲ. ಅದೇ ಜಾಗಕ್ಕೆ ಇನ್ನೊಂದು ಪೆಟ್ಟು ಬಿದ್ದರೆ ತಲೆಯೇ ತಡೆದುಕೊಳ್ಳಬೇಕು. ಒಳಮೆತ್ತೆ ಬಿಚ್ಚಿ ಬೆರಳಾಡಿಸಿದರೆ ಕೆಲವೊಮ್ಮೆ ತಗ್ಗು ಸಿಗುತ್ತದೆ. ಸಿಗದಿದ್ದರೂ ನಂಬಬೇಡಿ. ಖಾಲಿ ಹೆಲ್ಮೆಟ್ ಕೈಜಾರಿ ಬಿದ್ದಿದ್ದರೆ ನಾನು ಇಷ್ಟು ಒತ್ತಾಯಿಸುತ್ತಿರಲಿಲ್ಲ.

ಹೊಸದನ್ನು ಕೊಳ್ಳುವಾಗ ಪಟ್ಟಿ ಬಿಗಿದು, ಹಿಂಬದಿಯ ಅಂಚು ಹಿಡಿದು ಮುಂದಕ್ಕೆ ಎತ್ತಿ ನೋಡಿ. ಕಳಚಿ ಬಂದರೆ ಆ ಅಳತೆ ನಿಮ್ಮದಲ್ಲ. ಅಲುಗಾಡಿಸಿದಾಗ ಕೆನ್ನೆಯ ಚರ್ಮವೂ ಜೊತೆಗೆ ಸರಿಯಬೇಕು. ಮೊದಲು ಬಿಗಿ ಎನ್ನಿಸಿದರೆ ಚಿಂತೆಯಿಲ್ಲ, ಮೆತ್ತೆ ಬರಬರುತ್ತಾ ಸಡಿಲಗೊಳ್ಳುತ್ತದೆ. ಹಣೆಯ ಒಂದೇ ಕಡೆ ಒತ್ತಿ ನೋಯುತ್ತಿದ್ದರೆ ಬೇರೆ ಮಾದರಿ ನೋಡಿ.