ಜಾವಾದ ಸೆಮೆರು ನಮ್ಮ ಮೇರುವೇ?

ಪ್ರಶ್ನೆ: ಇಂಡೊನೇಷ್ಯಾದ ಸೆಮೆರು ಪರ್ವತಕ್ಕೂ ನಮ್ಮ ಪುರಾಣದ ಮೇರುವಿಗೂ ನಂಟಿದೆಯೇ? ಲಾವಾರಸ ನಿಧಾನಕ್ಕೆ ಹರಿಯುತ್ತದಂತೆ. ಹಾಗಿದ್ದೂ ಅಲ್ಲಿನ ಜನರಿಗೆ ಓಡಿ ಪಾರಾಗಲು ಆಗುವುದಿಲ್ಲವೇಕೆ?

ಉತ್ತರ: ಹೆಸರು ನಮ್ಮ ಸುಮೇರುವಿನದೇ. ಜಾವಾ ದ್ವೀಪ ಸಮುದ್ರದಲ್ಲಿ ತೂಗಾಡುತ್ತಿತ್ತಂತೆ. ಅದು ಅಲುಗಾಡದಿರಲೆಂದು ದೇವತೆಗಳು ಜಂಬೂದ್ವೀಪದಿಂದ ಮಹಾಮೇರುವನ್ನೇ ಹೊತ್ತು ತಂದರು ಎಂದು ಹಳೆಯ ಜಾವಾ ಭಾಷೆಯ ‘ತಂತು ಪಂಗೆಲರನ್’ ಎಂಬ ಗ್ರಂಥ ಹೇಳುತ್ತದೆ. ಮೊದಲು ಪಶ್ಚಿಮದಲ್ಲಿಟ್ಟಾಗ ದ್ವೀಪ ಒಂದೇ ಕಡೆ ವಾಲಿತು, ಪೂರ್ವಕ್ಕೆ ಒಯ್ಯುವಾಗ ದಾರಿಯುದ್ದಕ್ಕೂ ಉದುರಿದ ತುಂಡುಗಳೇ ಉಳಿದ ಬೆಟ್ಟಗಳಾದವು. ಜಾವಾದ ಬೆನ್ನೆಲುಬಿನಂತೆ ಸಾಲಾಗಿ ನಿಂತ ಜ್ವಾಲಾಮುಖಿಗಳಿಗೆ ಇದಕ್ಕಿಂತ ಚೆಂದದ ಕಥೆ ನನಗೆ ಗೊತ್ತಿಲ್ಲ. 3,676 ಮೀಟರ್ ಎತ್ತರದ ಸೆಮೆರುವಿನ ತುದಿಯನ್ನು ಅಲ್ಲಿನವರು ಈಗಲೂ ಮಹಾಮೇರು ಎಂದೇ ಕರೆಯುತ್ತಾರೆ.

ಭೂವಿಜ್ಞಾನ ಹೇಳುವುದು ಬೇರೆ. ಹಿಂದೂ ಮಹಾಸಾಗರದ ತಳದ ಭೂಫಲಕ ಜಾವಾದ ಅಡಿಗೆ ನುಸುಳುತ್ತಿದೆ. ಆಳದಲ್ಲಿ ಅದು ಬಿಟ್ಟುಕೊಡುವ ನೀರಿನಿಂದ ಮೇಲಿನ ಬಿಸಿ ಬಂಡೆ ಕರಗುತ್ತದೆ. ಹೀಗೆ ಹುಟ್ಟುವ ಶಿಲಾರಸ ಮೇಲೇರುವಷ್ಟರಲ್ಲಿ ಅಂಟಂಟಾಗಿ, ಅನಿಲ ತುಂಬಿಕೊಂಡಿರುತ್ತದೆ. ನಮ್ಮ ಅಂಡಮಾನಿನ ಬ್ಯಾರನ್ ದ್ವೀಪದ ಜ್ವಾಲಾಮುಖಿಯೂ ಇದೇ ಸಾಲಿನದು.

ಎರಡನೆಯ ಪ್ರಶ್ನೆಗೆ ಉತ್ತರ ಈ ಅಂಟಿನಲ್ಲೇ ಇದೆ. ಇಂಥ ಶಿಲಾರಸ ದೂರ ಹರಿಯದೆ ಬಾಯಿಯ ಬಳಿಯೇ ಗುಡ್ಡೆಯಾಗುತ್ತದೆ. ಆ ಗುಡ್ಡೆ ಕುಸಿದರೆ ನೂರಾರು ಡಿಗ್ರಿ ಬಿಸಿಯ ಬೂದಿ, ಅನಿಲ, ಕಲ್ಲು ಒಂದಾಗಿ, ಕಾರಿಗಿಂತ ವೇಗವಾಗಿ ಕಣಿವೆಗೆ ನುಗ್ಗುತ್ತವೆ. ಅದರ ಮುಂದೆ ಓಡುವ ಮಾತೇ ಇಲ್ಲ. ಜಾವಾದವರು ಇದನ್ನು ‘ವೆಧುಸ್ ಗೆಂಬೆಲ್’ ಅನ್ನುತ್ತಾರೆ, ಅಂದರೆ ಜಡೆಗಟ್ಟಿದ ಉಣ್ಣೆಯ ಕುರಿ. ಉರುಳುತ್ತ ಇಳಿಯುವ ಆ ಬೂದುಮೋಡ ದೂರಕ್ಕೆ ಥೇಟ್ ಹಾಗೇ ಕಾಣುತ್ತದೆ. 2021ರ ಡಿಸೆಂಬರ್ 4ರಂದು ಸೆಮೆರುವಿನಲ್ಲಿ ಜೋರು ಮಳೆಯ ನಡುವೆ ಇಂಥದೇ ಕುಸಿತವಾಗಿ 50ಕ್ಕೂ ಹೆಚ್ಚು ಜನ ಸತ್ತರು. ಗ್ಲಾಡಕ್ ಪೆರಕ್ ಸೇತುವೆ ಕೊಚ್ಚಿಹೋಯಿತು.

ಸ್ಫೋಟ ನಿಂತ ಮೇಲೂ ಅಪಾಯ ಮುಗಿಯುವುದಿಲ್ಲ. ಇಳಿಜಾರಿನಲ್ಲಿ ಕೂತ ಬೂದಿ ಮುಂದಿನ ಮಳೆಗೆ ಕಲಸಿದ ಸಿಮೆಂಟಿನಂತೆ, ಬಂಡೆಗಳನ್ನೂ ಹೊತ್ತು ಹೊಳೆಯಲ್ಲಿ ಇಳಿಯುತ್ತದೆ. ಅದಕ್ಕೆ ‘ಲಹಾರ್’ ಎಂದು ಹೆಸರು. ಈ ಜಾವಾ ಪದವನ್ನೇ ಈಗ ಜಗತ್ತಿನ ವಿಜ್ಞಾನಿಗಳೆಲ್ಲ ಬಳಸುತ್ತಾರೆ. ಬೆಟ್ಟದ ಬುಡದಲ್ಲಿ ಬಿಸಿಲಿದ್ದರೂ ತುದಿಯಲ್ಲಿ ಮಳೆ ಸುರಿದರೆ ಸಾಕು. ಆ ಕಡೆ ಪ್ರವಾಸ ಹೋಗುವವರು ಒಣಗಿದ ಹೊಳೆಯ ಪಾತ್ರಕ್ಕೆ ಫೋಟೊ ತೆಗೆಯಲೆಂದೂ ಇಳಿಯಬೇಡಿ.