ಆಪ್ತಸಲಹೆ ಪ್ರಕರಣ: ಸದ್ದಿಲ್ಲದೆ ನೀರಿನತ್ತ ಹೋಗತೊಡಗಿದ ಮಗು

ಕಳೆದ ಮಳೆಗಾಲದ ಒಂದು ಬೆಳಿಗ್ಗೆ ಎರಡು ವರ್ಷ ಎರಡು ತಿಂಗಳ ಗಂಡುಮಗುವನ್ನು ಕರೆದುಕೊಂಡು ಅದರ ತಾಯಿ, ತಂದೆ, ಅಜ್ಜಿ ಮೂವರೂ ಹಾಸನದ ನನ್ನ ಸಲಹಾ ಕೊಠಡಿಗೆ ಬಂದಿದ್ದರು. ಕುಟುಂಬದ ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿ, ಅವರ ಒಪ್ಪಿಗೆ ಪಡೆದು ಇದನ್ನು ಬರೆಯುತ್ತಿದ್ದೇನೆ. ಮಗುವನ್ನು ಪುಟ್ಟ ಎಂದು ಕರೆಯೋಣ.

"ಮೇಡಂ, ಇವನಿಗೆ ನೀರಿನ ಹುಚ್ಚು ಹಿಡಿದಿದೆ" ಎಂದೇ ತಾಯಿ ಮಾತು ಆರಂಭಿಸಿದರು. ಕುಡಿಯಲು ಕೊಟ್ಟ ನೀರನ್ನು ನೆಲಕ್ಕೆ ಸುರಿಯುವುದು, ಅಪ್ಪನ ಚಪ್ಪಲಿಯನ್ನು ಬಕೆಟ್ಟಿನಲ್ಲಿ ಅದ್ದುವುದು, ಹಿತ್ತಲಿನ ಡ್ರಮ್ಮಿನ ನಲ್ಲಿಯನ್ನು ತಿರುಗಿಸಿ ಬಿಡುವುದು ಅವನ ನಿತ್ಯದ ಕೆಲಸವಾಗಿತ್ತು. ಅವರ ಬಡಾವಣೆಗೆ ಮೂರು ದಿನಕ್ಕೊಮ್ಮೆ ನೀರು ಬರುತ್ತಿದ್ದುದರಿಂದ, ಹಿಡಿದಿಟ್ಟ ಒಂದು ಡ್ರಮ್ಮು ನೀರು ಚರಂಡಿಗೆ ಹೋಗುವುದೆಂದರೆ ಆ ಮನೆಗೆ ಸಣ್ಣ ನಷ್ಟವಲ್ಲ. ತಾಯಿ ಕೆಲಸಕ್ಕೆ ಮರಳಿದ ಮೇಲೆ ಮಗುವನ್ನು ನೋಡಿಕೊಳ್ಳಲೆಂದು ಆಲೂರಿನ ಕಡೆಯ ಹಳ್ಳಿಯಿಂದ ಬಂದಿದ್ದ ಅಜ್ಜಿ, "ನಾನೂ ಮೂರು ಮಕ್ಕಳ್ನ ಸಾಕಿದೀನಿ ಮೇಡಮ್ಮೋರೆ, ಇಂಥ ತುಂಟನ್ನ ಕಂಡಿಲ್ಲ" ಎಂದರು.

ಅವನು ನೀರು ಚೆಲ್ಲಿದಾಗ ನೀವೇನು ಮಾಡುತ್ತೀರಿ ಎಂದು ಮೂವರನ್ನೂ ಬೇರೆಬೇರೆಯಾಗಿ ಕೇಳಿದೆ. ತಾಯಿ ಕೈಗೆ ಏಟು ಕೊಡುತ್ತಿದ್ದರು, ಏಟು ತಿಂದು ಅತ್ತವನನ್ನು ಅಜ್ಜಿ ಎತ್ತಿಕೊಂಡು ಬಿಸ್ಕತ್ತು ಕೊಡುತ್ತಿದ್ದರು, ತಂದೆ ನಗುತ್ತಾ ಮೊಬೈಲಿನಲ್ಲಿ ವಿಡಿಯೋ ಮಾಡುತ್ತಿದ್ದರು. ಒಂದೇ ಕೆಲಸಕ್ಕೆ ಏಟು, ಬಿಸ್ಕತ್ತು, ನಗು ಮೂರೂ ಸಿಗುವ ಮನೆಯಲ್ಲಿ ಎರಡು ವರ್ಷದ ಮಗು ಏನನ್ನು ಕಲಿಯಬೇಕು? ಮತ್ತೆ ಮಾಡಿ ನೋಡುವುದನ್ನು ಮಾತ್ರ ಕಲಿಯುತ್ತದೆ.

ಇಷ್ಟೇ ಆಗಿದ್ದರೆ ಈ ಪ್ರಕರಣವನ್ನು ಬರೆಯುತ್ತಿರಲಿಲ್ಲ. ಮಾತಿನ ನಡುವೆ ಅಜ್ಜಿ, "ಈಗೀಗ ಕಳ್ಳಾಟ ಬೇರೆ ಕಲ್ತವ್ನೆ" ಎಂದರು. ಮೊದಲೆಲ್ಲ ನೀರು ಕಂಡ ಕೂಡಲೇ "ನೀ, ನೀ" ಎಂದು ಮನೆಯೆಲ್ಲ ಕೇಳುವಂತೆ ಕೇಕೆ ಹಾಕುತ್ತಿದ್ದ ಪುಟ್ಟ, ಮೂರು ವಾರದಿಂದ ಸದ್ದೇ ಇಲ್ಲದೆ ಹೋಗುತ್ತಿದ್ದ. ಹಿಂದಿನ ಗುರುವಾರ ಅಜ್ಜಿ ಹುಡುಕಿಕೊಂಡು ಹೋದಾಗ ಅವನು ಬಚ್ಚಲುಮನೆಯಲ್ಲಿ ತುಂಬಿದ ಬಕೆಟ್ಟಿನ ಅಂಚಿಗೆ ಹೊಟ್ಟೆ ಒರಗಿಸಿ, ಎರಡೂ ತೋಳುಗಳನ್ನು ನೀರಿಗಿಳಿಸಿ, ಹಿಮ್ಮಡಿ ಎತ್ತಿಕೊಂಡು ಬಗ್ಗಿದ್ದ. ಅವರು ಇದನ್ನೂ ತುಂಟತನದ ಕಥೆಯೆಂದೇ ಹೇಳಿದರು. ನಾನು ಬರೆಯುತ್ತಿದ್ದುದನ್ನು ನಿಲ್ಲಿಸಿದೆ.

ಅಷ್ಟರಲ್ಲಿ ಮೇಜಿನ ಮೇಲೆ ತಾಯಿಗೆಂದು ತರಿಸಿದ್ದ ಚೊಂಬು ಮತ್ತು ಲೋಟ ಪುಟ್ಟನ ಕಣ್ಣಿಗೆ ಬಿದ್ದಿದ್ದವು. ಅವನು ಕೈ ಚಾಚಿದ, ತಕ್ಷಣ ನಿಲ್ಲಿಸಿದ, ನೀರನ್ನಲ್ಲ, ತಾಯಿಯ ಬಲಗೈಯನ್ನು ನೋಡಿದ. ಭುಜ ಎರಡೂ ಕಿವಿಯವರೆಗೆ ಏರಿದ್ದವು. ತಾಯಿಯೂ ಅದನ್ನು ಕಂಡರು, ಕಂಡು ಅತ್ತುಬಿಟ್ಟರು. ಸಂಜೆ ಆರಕ್ಕೆ ದಣಿದು ಬಂದು ಒದ್ದೆ ನೆಲವನ್ನು ಒರೆಸುವ ಹೆಣ್ಣುಮಗಳ ಏಟಿನಲ್ಲಿ ಮಗುವಿನ ಮೇಲಿನ ಸಿಟ್ಟಿಗಿಂತ, ಮಗುವನ್ನು ಹದ್ದುಬಸ್ತಿನಲ್ಲಿಡಲು ಬಾರದವಳು ಎಂದು ಅತ್ತೆಯೆದುರು ಅನ್ನಿಸಿಕೊಳ್ಳುವ ಭಯವೇ ಹೆಚ್ಚಾಗಿತ್ತೆಂದು ನನಗೆ ಅನ್ನಿಸಿತು.

ನಾನು ಚೊಂಬನ್ನು ಒಂದು ತಟ್ಟೆಯ ಮೇಲಿಟ್ಟು ನೆಲಕ್ಕಿಳಿಸಿ, ಆಡಪ್ಪಾ ಎಂದೆ. ಮುಂದಿನ ಇಪ್ಪತ್ತು ನಿಮಿಷ ಅವನು ಚೊಂಬಿನಿಂದ ಲೋಟಕ್ಕೆ, ಲೋಟದಿಂದ ಚೊಂಬಿಗೆ ಸುರಿದ. ಲೋಟದ ಅಂಚಿನಲ್ಲಿ ಬೀಳದೆ ನಿಂತ ಕೊನೆಯ ಹನಿಯನ್ನು ಉಸಿರು ಬಿಗಿಹಿಡಿದು ನೋಡಿ, ಬೆರಳ ತುದಿಯಿಂದ ಮುಟ್ಟಿ ಬೀಳಿಸಿದ. ಮತ್ತೆ ಅಂಥದೇ ಹನಿಯೊಂದು ಬರಲಿ ಎಂದು ಲೋಟ ಬಗ್ಗಿಸಿದ. ಒಂದೇ ಕ್ರಿಯೆಯನ್ನು ಚೂರು ಚೂರು ಬದಲಿಸಿ ಏನಾಗುತ್ತದೆಂದು ನೋಡುವ ಈ ಬಗೆಯ ಪರೀಕ್ಷೆಯನ್ನು ಸ್ವಿಟ್ಜರ್ಲೆಂಡಿನ ಮನೋವಿಜ್ಞಾನಿ ಜೀನ್ ಪಿಯಾಜೆ (1896–1980) ತಮ್ಮ ಸ್ವಂತ ಮಕ್ಕಳಲ್ಲೇ ಗಮನಿಸಿ ದಾಖಲಿಸಿದ್ದರು. ಅಗಲ ಪಾತ್ರೆಯ ನೀರನ್ನು ಉದ್ದ ಲೋಟಕ್ಕೆ ಸುರಿದರೂ ಅದು ಅಷ್ಟೇ ನೀರು ಎಂಬ ತಿಳಿವಳಿಕೆ ಮಕ್ಕಳಿಗೆ ಬರುವುದು ಸುಮಾರು ಏಳನೆಯ ವಯಸ್ಸಿಗೆ. ಅಲ್ಲಿಗೆ ಮುಟ್ಟುವ ದಾರಿಯಲ್ಲಿ ಇಂಥ ಸುರಿದಾಟಗಳಿಗೂ ಪಾಲಿದೆ. ಪುಟ್ಟನ ಕೆಲಸವನ್ನು ತುಂಟತನ ಎಂದು ಕರೆಯಲು ನನಗೆ ಮನಸ್ಸಾಗಲಿಲ್ಲ.

ಆದರೆ ಅಪಾಯದ ಮಾತನ್ನು ಮೊದಲು ಹೇಳಬೇಕಿತ್ತು. ಎರಡು ವರ್ಷದ ಮಗುವಿನ ದೇಹದಲ್ಲಿ ತಲೆಯ ಭಾಗವೇ ಭಾರ. ಬಕೆಟ್ಟಿನೊಳಗೆ ತಲೆ ಜಾರಿದರೆ ಕೈಯೂರಿ ಮೇಲೇಳುವ ಬಲ ಅದಕ್ಕಿರುವುದಿಲ್ಲ, ತುಂಬಿದ ಬಕೆಟ್ಟು ಉರುಳುವುದೂ ಇಲ್ಲ. ಮೂಗು ಬಾಯಿ ಮುಚ್ಚುವಷ್ಟು, ಎರಡು ಅಂಗುಲ ನೀರು ಸಾಕು. ಮುಳುಗುವ ಮಗು ಸಾಮಾನ್ಯವಾಗಿ ಕೂಗುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನಲ್ಲಿ ಸುಮಾರು 3 ಲಕ್ಷ ಮಂದಿ ನೀರಿನಲ್ಲಿ ಮುಳುಗಿ ಸತ್ತಿದ್ದು, ಅವರಲ್ಲಿ ಹೆಚ್ಚುಕಡಿಮೆ ನಾಲ್ಕನೆಯ ಒಂದು ಭಾಗ ಐದು ವರ್ಷದೊಳಗಿನ ಮಕ್ಕಳು. ಇದನ್ನು ಹೇಳಿ ನಾನು ತಾಯಿಗೆ ಹೇಳಿದ್ದಿಷ್ಟು: "ಏಟಿನಿಂದ ಅವನು ನೀರನ್ನು ಬಿಟ್ಟಿಲ್ಲಮ್ಮ, ಕೇಕೆಯನ್ನು ಬಿಟ್ಟಿದ್ದಾನೆ. ಆ ಕೇಕೆಯೇ ನಿಮಗೆ ಅವನಿರುವ ಜಾಗವನ್ನು ಹೇಳುತ್ತಿತ್ತು."

ಅಂದೇ ಸಂಜೆಯೊಳಗೆ ಮಾಡಬೇಕಾದ ಕೆಲಸಗಳನ್ನು ತಂದೆಗೆ ಒಪ್ಪಿಸಿದೆ. ಬಚ್ಚಲುಮನೆಯ ಬಾಗಿಲಿಗೆ ಮಗುವಿನ ಕೈಗೆಟುಕದ ಎತ್ತರದಲ್ಲಿ ಚಿಲಕ ಹಾಕಿಸಬೇಕು, ಬಳಸಿದ ಬಕೆಟ್ಟನ್ನು ಬರಿದು ಮಾಡಿ ಬೋರಲು ಹಾಕಬೇಕು, ಸಂಪಿನ ಮುಚ್ಚಳಕ್ಕೆ ಬೀಗ ಇರಬೇಕು, ಡ್ರಮ್ಮಿನ ಮುಚ್ಚಳ ಮಗು ಎಳೆದರೆ ಬಾರದಂತಿರಬೇಕು. ಡ್ರಮ್ಮನ್ನು ಭದ್ರವಾಗಿ ಮುಚ್ಚಿ ವಾರಕ್ಕೊಮ್ಮೆ ತಿಕ್ಕಿ ತೊಳೆದರೆ ಡೆಂಗಿ ಹರಡುವ ಸೊಳ್ಳೆಯ ಕಾಟವೂ ತಗ್ಗುತ್ತದೆ. ನೀರು ಕಾಯಿಸುವ ಹೀಟರ್ ಕಡ್ಡಿಯನ್ನು ಬಕೆಟ್ಟಿನಲ್ಲಿಟ್ಟು ಆಚೆ ಹೋಗುವ ಅಭ್ಯಾಸ ಆ ಮನೆಯಲ್ಲಿತ್ತು. ಅದನ್ನು ಪೂರ್ತಿ ನಿಲ್ಲಿಸಿ ಎಂದು ಖಂಡಿತವಾಗಿ ಹೇಳಿದೆ. ಸ್ನಾನಕ್ಕೆ ಮೊದಲು ತಣ್ಣೀರು, ಆಮೇಲೆ ಬಿಸಿನೀರು ಬೆರೆಸಬೇಕು. ಊರಿನ ಜಮೀನಿನಲ್ಲಿ ಪ್ಲಾಸ್ಟಿಕ್ ಹಾಳೆ ಹಾಸಿದ ಕೃಷಿ ಹೊಂಡವಿದೆ ಎಂದು ತಿಳಿದಾಗ, ಅದಕ್ಕೆ ಬೇಲಿಯಾಗುವವರೆಗೆ ಮಗುವನ್ನು ಆ ಕಡೆ ಕರೆದೊಯ್ಯಬಾರದೆಂದೆ. ಆ ಹಾಳೆಯ ಮೇಲೆ ದೊಡ್ಡವರಿಗೂ ಕಾಲು ನಿಲ್ಲುವುದಿಲ್ಲ. ಅವಘಡವೇನಾದರೂ ಆದರೆ ಮಗುವನ್ನು ತಲೆಕೆಳಗು ಹಿಡಿದು ತಿರುಗಿಸುವುದು, ಹೊಟ್ಟೆ ಒತ್ತುವುದು ಮಾಡದೆ, ಉಸಿರಿಲ್ಲದಿದ್ದರೆ ಕೂಡಲೇ ಬಾಯಿಗೆ ಬಾಯಿಟ್ಟು ಉಸಿರು ಕೊಟ್ಟು ಎದೆ ಒತ್ತಬೇಕು, ಇನ್ನೊಬ್ಬರು 108ಕ್ಕೆ ಕರೆ ಮಾಡಬೇಕು. ಇದನ್ನು ಬೊಂಬೆಯ ಮೇಲೆ ಮೂವರಿಗೂ ಮಾಡಿ ತೋರಿಸಿ, ಆಸ್ಪತ್ರೆಯೊಂದರಲ್ಲಿ ಸರಿಯಾಗಿ ಕಲಿತು ಬರುವಂತೆಯೂ ಹೇಳಿದೆ.

ನಂತರ ನೀರಾಟಕ್ಕೆ ಒಂದು ಹೊತ್ತನ್ನು ಗೊತ್ತು ಮಾಡಿದೆವು. ಬಿಸಿಲೇರಿದ ಮೇಲೆ, ಸ್ನಾನಕ್ಕೆ ಮುಂಚಿನ ಅರ್ಧ ಗಂಟೆ. ಅಗಲವಾದ ಟಬ್ಬಿನಲ್ಲಿ ನಾಲ್ಕೈದು ಚೊಂಬು ನೀರು, ಎರಡು ಲೋಟ, ಒಂದು ಸೌಟು, ಒಂದು ಜರಡಿ. ದೊಡ್ಡವರೊಬ್ಬರು ಕೈಗೆಟುಕುವಷ್ಟು ಹತ್ತಿರ, ಮೊಬೈಲ್ ಇಲ್ಲದೆ ಕುಳಿತಿರಬೇಕು. "ಚೆಲ್ಲಬೇಡ" ಎಂಬ ಮಾತು ಈ ವಯಸ್ಸಿನ ಮಗುವಿಗೆ ಏನು ಮಾಡಬೇಕೆಂದು ಹೇಳುವುದಿಲ್ಲವಾದ್ದರಿಂದ "ನೀರು ಟಬ್ಬಿನೊಳಗೆ" ಎಂದು ಮೂವರೂ ಒಂದೇ ಮಾತನ್ನು ಬಳಸಬೇಕು. ಬೇರೆ ಹೊತ್ತಿನಲ್ಲಿ ನೀರು ಚೆಲ್ಲಿದರೆ ಏಟೂ ಇಲ್ಲ, ಬಿಸ್ಕತ್ತೂ ಇಲ್ಲ, ವಿಡಿಯೋವೂ ಇಲ್ಲ. ಕೈಗೆ ಒಂದು ಬಟ್ಟೆ ಕೊಟ್ಟು ಜೊತೆಗೆ ಕೂತು ಒರೆಸಬೇಕು.

"ನೀರಾಟ ಆಡ್ಸಿದ್ರೆ ನೆಗಡಿ ಆಯ್ತದಲ್ವಾ?" ಎಂದು ಅಜ್ಜಿ ಕೇಳಿದ್ದು ನ್ಯಾಯವಾದ ಪ್ರಶ್ನೆ. ನೆಗಡಿ ಬರುವುದು ವೈರಸ್ಸಿನಿಂದ, ನೀರು ಮುಟ್ಟಿದ್ದರಿಂದಲ್ಲ. ಆದರೂ ಹಾಸನದ ಆಷಾಢದ ಗಾಳಿಯಲ್ಲಿ ಒದ್ದೆ ಬಟ್ಟೆಯಲ್ಲಿ ಬಿಡಬಾರದು ಎಂಬ ಅವರ ಮಾತು ಸರಿ, ಆದ್ದರಿಂದ ಆಟ ಮುಗಿದ ಕೂಡಲೇ ಬೆಚ್ಚಗಿನ ಸ್ನಾನ ಮಾಡಿಸುವ ಹೊಣೆ ಅವರದೇ ಆಯಿತು. ಟಬ್ಬಿನಲ್ಲಿ ಉಳಿದ ನೀರನ್ನು ಪುಟ್ಟನ ಕೈಯಿಂದ ಲೋಟದಲ್ಲಿ ದಾಸವಾಳದ ಬುಡಕ್ಕೆ ಹಾಕಿಸುವುದು ಅಜ್ಜಿಯದೇ ಸಲಹೆ. ಆಟ ಮುಗಿಯಿತೆಂದು ಮಗುವಿಗೆ ತಿಳಿಸಲು ಇದಕ್ಕಿಂತ ಒಳ್ಳೆಯ ದಾರಿ ನನಗೂ ಹೊಳೆದಿರಲಿಲ್ಲ.

ಮಗುವಿನ ಬೆಳವಣಿಗೆಯನ್ನೂ ನೋಡಿದೆ. ಹೆಸರು ಕರೆದರೆ ತಿರುಗುತ್ತಿದ್ದ, ಬೇಕಾದುದನ್ನು ಬೆರಳಿಟ್ಟು ತೋರಿಸುತ್ತಿದ್ದ, ಎರಡು ಪದ ಜೋಡಿಸುತ್ತಿದ್ದ. ಇವು ಇಲ್ಲದೆ ನೀರಿನಲ್ಲೇ ಮುಳುಗಿರುವ ಮಗುವಾಗಿದ್ದರೆ ಮಕ್ಕಳ ತಜ್ಞರ ಬಳಿಗೆ ಕಳುಹಿಸುತ್ತಿದ್ದೆ.

ಆರು ವಾರದ ಬಳಿಕ ಬಂದಾಗ ಎಲ್ಲವೂ ನೆಟ್ಟಗಾಗಿರಲಿಲ್ಲ. ಅಜ್ಜಿಯ ಎಲೆಅಡಿಕೆ ಸಂಚಿಗೆ ಅವನು ಒಂದು ಲೋಟ ನೀರು ಸುರಿದಿದ್ದ, ತಾಯಿ ಎರಡು ಬಾರಿ ಕೈ ಎತ್ತಿ ಇಳಿಸಿದ್ದರು, ತಂದೆ ಒಮ್ಮೆ ಚಿಲಕ ಹಾಕುವುದನ್ನು ಮರೆತಿದ್ದರು. ಆ ಮರೆವಿನ ದಿನ ಬಚ್ಚಲಿನ ಬಾಗಿಲು ತೆರೆದಿರುವುದು ಮನೆಯವರಿಗೆ ಗೊತ್ತಾದದ್ದು, ಪುಟ್ಟ ಹೊಸ್ತಿಲ ಮೇಲೆ ನಿಂತು "ಅಜ್ಜೀ, ನೀ!" ಎಂದು ಕಿರುಚಿದ್ದರಿಂದ.