ಹಿಡಿ ಹಿಂದೆ ಬರಲಿ, ಆನಿಕೆ ಅಲ್ಲೇ ಇರಲಿ

ಪ್ರಶ್ನೆ: ನಾನು ಇಂಗ್ಲೆಂಡಿನಲ್ಲಿ ನೆಲೆಸಿದ್ದೇನೆ. ನನ್ನಲ್ಲಿ 1973ರ ಎಂಜಿಬಿ ರೋಡ್‌ಸ್ಟರ್ (ಗಟ್ಟಿ ಛಾವಣಿಯಿಲ್ಲದ ಸ್ಪೋರ್ಟ್ಸ್ ಕಾರು) ಇದೆ. ನನ್ನ ಎತ್ತರ 6 ಅಡಿ 2 ಅಂಗುಲ. ಸೀಟನ್ನು ಪೂರ್ತಿ ಹಿಂದಕ್ಕೆ ಸರಿಸಿಕೊಂಡರೆ ಒಂದನೇ ಮತ್ತು ಮೂರನೇ ಗೇರ್ ಹಾಕುವಾಗ ಎಡಭುಜ ಸೀಟನ್ನು ಬಿಟ್ಟು ಮುಂದೆ ಬರುತ್ತದೆ. ಎರಡು ಸೀಟುಗಳ ನಡುವೆ ನೆಲದಿಂದ ಉಬ್ಬಿರುವ ಟನಲ್ ಕತ್ತರಿಸಿ ಗೇರ್ ಲಿವರನ್ನು 5 ಸೆಂ.ಮೀ. ಹಿಂದಕ್ಕೆ ಕೂರಿಸಬಹುದು ಎಂದು ಗ್ಯಾರೇಜಿನವರು ಹೇಳುತ್ತಿದ್ದಾರೆ. ಮಾಡಿಸಬಹುದೇ?
— ಓದುಗರೊಬ್ಬರು, ಲೀಡ್ಸ್

ಉತ್ತರ: ದಯವಿಟ್ಟು ಟನಲ್ಲಿಗೆ ಕೈ ಹಚ್ಚಿಸಬೇಡಿ. ಹಿಂದಿನ ಎಂಜಿಎ ಕಾರಿಗೆ ಇದ್ದಂತಹ ಪ್ರತ್ಯೇಕ ಚಾಸಿ, 1962ರಿಂದ 1980ರವರೆಗೆ ಆಬಿಂಗ್‌ಡನ್ನಿನಲ್ಲಿ ತಯಾರಾದ ಎಂಜಿಬಿಗೆ ಇಲ್ಲ. ಅದರ ಉಕ್ಕಿನ ಮೈಯೇ ಅದರ ಅಸ್ಥಿಪಂಜರ. ಮೇಲೆ ಗಟ್ಟಿ ಛಾವಣಿಯಿಲ್ಲದ ರೋಡ್‌ಸ್ಟರಿನಲ್ಲಿ ಮೈ ಬಾಗದಂತೆ, ತಿರುಚದಂತೆ ಹಿಡಿದಿಡುವ ಹೊಣೆ ಮುಖ್ಯವಾಗಿ ಬಾಗಿಲ ಕೆಳಗಿನ ಸಿಲ್‌ಗಳ ಮೇಲೆ ಮತ್ತು ನಡುವಿನ ಟನಲ್ ಮೇಲೆ ಇರುತ್ತದೆ. ಐವತ್ತು ವರ್ಷ ತುಕ್ಕಿನೊಂದಿಗೆ ಹೋರಾಡಿ ಉಳಿದಿರುವ ಮೈಯನ್ನು ನಿಮ್ಮ ಭುಜದ ಅನುಕೂಲಕ್ಕಾಗಿ ಕೊಯ್ಯುವುದು ನನಗೆ ಸರಿಯೆನಿಸುವುದಿಲ್ಲ. ನಿಮಗೆ ಬೇಕಾಗಿರುವುದು ಹಿಡಿ ಹಿಂದಕ್ಕೆ ಬರುವುದು. ಅದಕ್ಕಾಗಿ ಲಿವರಿನ ಆನಿಕೆಯನ್ನು, ಅಂದರೆ ಅದು ಆಡುವ ಬುಡದ ಬಿಂದುವನ್ನು, ಕದಲಿಸಬೇಕಾಗಿಲ್ಲ.

ಲಿವರನ್ನೇ ಎರಡು ಕಡೆ ಬಾಗಿಸಿದರೆ ಸಾಕು. ಆನಿಕೆಗಿಂತ ಸ್ವಲ್ಪ ಮೇಲೆ ಅದನ್ನು ಹಿಂದಕ್ಕೆ ಬಾಗಿಸಿ, ಅನಂತರ ಮತ್ತೆ ನೆಟ್ಟಗೆ ಮೇಲಕ್ಕೆ ತಿರುಗಿಸಬೇಕು. ಆನಿಕೆಯಿಂದ ಹಿಡಿಯವರೆಗಿನ ಎತ್ತರ 20 ಸೆಂ.ಮೀ. ಎಂದಿಟ್ಟುಕೊಂಡರೆ, 5 ಸೆಂ.ಮೀ. ಹಿಂದಕ್ಕೆ ಸರಿದಾಗ ನೇರ ದೂರ ಸುಮಾರು 20.6 ಸೆಂ.ಮೀ. ಆಗುತ್ತದೆ. ಅಂದರೆ ಕೈ ಚಲಿಸಬೇಕಾದ ದೂರ ಹೆಚ್ಚುವುದು ನೂರಕ್ಕೆ ಮೂರರಷ್ಟು ಮಾತ್ರ, ಅದು ಅರಿವಿಗೇ ಬರುವುದಿಲ್ಲ. ಅರಿವಿಗೆ ಬರುವುದು ಇನ್ನೊಂದು: ಹಿಡಿಯ ದಾರಿ ಸುಮಾರು 14 ಡಿಗ್ರಿ ಓರೆಯಾಗುವುದರಿಂದ, ಮುಂದಕ್ಕೆ ತಳ್ಳಿದಾಗ ಅದು ತುಸು ಮೇಲೇಳುತ್ತದೆ, ಹಿಂದಕ್ಕೆ ಎಳೆದಾಗ ತುಸು ಕೆಳಗಿಳಿಯುತ್ತದೆ. ಎರಡು ದಿನ ಓಡಿಸಿದರೆ ಕೈಗೆ ಒಗ್ಗುತ್ತದೆ. ಇದೇ ಅವಕಾಶದಲ್ಲಿ ಲಿವರನ್ನು ಗಿಡ್ಡ ಮಾಡಿಸುವ ಆಸೆ ಮಾತ್ರ ಬೇಡ. ಗಿಡ್ಡವಾದಷ್ಟೂ ಬಲ ಹೆಚ್ಚು ಬೇಕಾಗುತ್ತದೆ, ಅವಸರದ ಆ ಬಲದ ಏಟು ತಿನ್ನುವುದು ಗೇರುಗಳ ವೇಗ ಹೊಂದಿಸುವ ಸಿಂಕ್ರೊಮೆಷ್ ಉಂಗುರಗಳು.

ಮೂಲ ಲಿವರನ್ನು ಹಾಗೆಯೇ ಎತ್ತಿಟ್ಟು, ಹಳೆಯದೊಂದನ್ನು ಕೊಂಡು ಅದರ ಮೇಲೆ ಈ ಕೆಲಸ ಮಾಡಿಸಿ. ಲಿವರನ್ನು ಕಾರಿನಿಂದ ಹೊರತೆಗೆದು, ಕೆಳತುದಿಯ ಪ್ಲಾಸ್ಟಿಕ್ ಬುಷ್ ಬಿಚ್ಚಿಟ್ಟು, ವೈಸಿನಲ್ಲಿ ಹಿಡಿದು, ಕೆಂಪಾಗುವಂತೆ ಕಾಯಿಸಿ ಬಾಗಿಸಬೇಕು. ಆಮೇಲೆ ನೀರಿಗೆ ಅದ್ದದೆ ತಾನಾಗಿ ಆರಲು ಬಿಡಬೇಕು. ಬುಷ್ ಸವೆದಿದ್ದರೆ ಈಗಲೇ ಬದಲಿಸಿಬಿಡಿ, ಹಳೆಯ ಲಿವರುಗಳ ಗಡಗಡ ಸದ್ದಿಗೆ ಅನೇಕ ಸಲ ಅದೇ ಕಾರಣ. ಓವರ್‌ಡ್ರೈವ್ (ಎಂಜಿನ್ ವೇಗ ತಗ್ಗಿಸುವ ಹೆಚ್ಚುವರಿ ಗೇರ್) ಸ್ವಿಚ್ ಹಿಡಿಯ ಮೇಲೆಯೇ ಇರುವ ಕೊನೆಯ ವರ್ಷಗಳ ಎಂಜಿಬಿಗಳಲ್ಲಿ ತಂತಿಯ ಗೊಡವೆ ಇರುತ್ತದೆ. ನಿಮ್ಮ ಕಾರಿಗೆ ಅದು ಇಲ್ಲ.

ಮರಳಿ ಜೋಡಿಸಿದ ಮೇಲಿನ ಪರೀಕ್ಷೆಯೇ ಎಲ್ಲಕ್ಕಿಂತ ಮುಖ್ಯವಾದುದು. ಎರಡನೇ ಅಥವಾ ನಾಲ್ಕನೇ ಗೇರಿನಲ್ಲಿ ಲಿವರು ಟನಲ್ ಮೇಲಿನ ಕನ್ಸೋಲಿಗೆ ತಗುಲಿ ಅರ್ಧದಲ್ಲೇ ನಿಂತರೆ, ಗೇರು ಪೂರ್ತಿ ಕಚ್ಚಿಕೊಳ್ಳದೆ ಓಡುವಾಗ ಹೊರಜಿಗಿಯುತ್ತದೆ, ಹಲ್ಲುಗಳೂ ತೇಯುತ್ತವೆ. ಗೇರ್‌ಬಾಕ್ಸ್ ರಬ್ಬರಿನ ಮೇಲೆ ಕುಳಿತಿರುವುದರಿಂದ ಎಂಜಿನ್ ಎಳೆದಂತೆಲ್ಲ ಲಿವರೂ ಅಲುಗುತ್ತದೆ. ಆದ್ದರಿಂದ ನಾಲ್ಕೂ ಗೇರುಗಳಲ್ಲಿ ಮತ್ತು ರಿವರ್ಸಿನಲ್ಲಿ ಲಿವರಿನ ಸುತ್ತ ಕನಿಷ್ಠ 15 ಮಿ.ಮೀ. ತೆರವು ಇದೆಯೇ ಎಂದು, ಹ್ಯಾಂಡ್‌ಬ್ರೇಕ್ ಎಳೆದಿಟ್ಟು ಒಮ್ಮೆ, ಇಳಿಸಿ ಇನ್ನೊಮ್ಮೆ, ನೀವೇ ಸೀಟಿನಲ್ಲಿ ಕುಳಿತು ನೋಡಿಕೊಳ್ಳಿ.